ಗೋವೈದ್ಯ: ಅಳತೆಗೋಲಿನ ಪ್ರಶ್ನೆ

ಕನ್ನಡ ಸಾಹಿತ್ಯಚರಿತ್ರೆಗಳಲ್ಲಿ ಕೀರ್ತಿವರ್ಮನ ‘ಗೋವೈದ್ಯ’ಕ್ಕೆ ದೊರೆತಿರುವ ಸ್ಥಳ ಬಹಳ ಚಿಕ್ಕದು. ಕಲ್ಯಾಣದ ಚಾಳುಕ್ಯ ಒಂದನೆಯ ಸೋಮೇಶ್ವರನ ಮಗನೂ ಆರನೆಯ ವಿಕ್ರಮಾದಿತ್ಯನ ಸೋದರನೂ ಆದ ಈ ರಾಜಪುತ್ರನು ದನಗಳ ಬೇನೆಗೆ ಮದ್ದು ಹೇಳಲು ಕನ್ನಡವನ್ನು ಆರಿಸಿಕೊಂಡನೆಂಬುದನ್ನು ವಿಮರ್ಶಕರು ಗುರುತಿಸುವರು; ಮದ್ದಿನೊಡನೆ ಮಂತ್ರವೂ ಬೆರೆತಿದೆಯೆಂದು ಹೇಳಿ ಮುಂದಿನ ಕವಿಯ ಕಡೆಗೆ ನಡೆಯುವರು. ರಸಾಲಂಕಾರಗಳ ಅಳತೆಗೋಲು ಹಿಡಿದವರಿಗೆ ಇದಕ್ಕಿಂತ ಹೆಚ್ಚಿನದು ಕಾಣದು.

ಇಂಥ ಗ್ರಂಥವನ್ನು ದನದ ಕೊಟ್ಟಿಗೆಯ ಬಳಿ ಇರಿಸಿಕೊಂಡು ಓದಬೇಕು. ಉತ್ತರ ಕರ್ನಾಟಕದ ಕಾರಹುಣ್ಣಿಮೆಯನ್ನು ನೋಡಬಹುದು. ಅದರ ಮುನ್ನಾದಿನವಾದ ಹೊನ್ನುಗ್ಗಿಯಂದು ಎತ್ತುಗಳ ಮೈತೊಳೆದು, ಬಿದಿರಿನ ಗೊಟ್ಟದಿಂದ ಎಣ್ಣೆ, ಅರಿಸಿನ, ತತ್ತಿಗಳನ್ನು ಕುಡಿಸುವ ವಾಡಿಕೆಯುಂಟು. ಮರುದಿನ ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವರು. ಹಬ್ಬವನ್ನು ವರ್ಣಿಸುವವರ ಕಣ್ಣು ಬಣ್ಣದ ಮೇಲೆ ನಿಲ್ಲುವುದೇ ಹೆಚ್ಚು. ಗೊಟ್ಟ ಮೂಲೆಯಲ್ಲಿಯೇ ಉಳಿಯುತ್ತದೆ. ಕಾಲದ ಆಯ್ಕೆಯಾದರೂ ಗಮನಾರ್ಹವಾದುದು. ಮೊದಲ ಮಳೆಯೊಡನೆ ನೊಗದ ದುಡಿಮೆ ಮೊದಲಾಗುತ್ತದೆ. ಗಂಟಲು ಬಾತು ಉಸಿರು ಕಟ್ಟಿಸುವ ಗಳಲೆರೋಗವು ಏಳುವುದೂ ಆಗಲೇ. ಇಂದಿನ ಪಶುವೈದ್ಯರೂ ಅದರ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಹಾಕುತ್ತಾರೆ.

ಎಣ್ಣೆ, ಅರಿಸಿನಗಳು ಗಳಲೆಯನ್ನು ತಡೆದುವೆಂದು ಇದರ ಅರ್ಥವಲ್ಲ. ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗ ಬಂದಾಗ ಮದ್ದೂ ಮಂತ್ರವೂ ಸೋತವು. ಲಸಿಕೆಯ ಬಲದಿಂದ ಅದು ಲೋಕದಿಂದ ತೊಲಗಿತೆಂದು ಘೋಷಿಸಿದ್ದು 2011ರಲ್ಲಿ. ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂಬ ಈಚಿನ ಹುಮ್ಮಸ್ಸೂ ಹಿಂದಿನವರ ಅಲಕ್ಷ್ಯದಷ್ಟೇ ಓದಿಗೆ ಅಡ್ಡಿಯಾಗಿದೆ.

ಈ ವಿಷಯದಲ್ಲಿ ಚಾವುಂಡರಾಯನ ‘ಲೋಕೋಪಕಾರ’ (1025) ಹೆಚ್ಚು ಭಾಗ್ಯಶಾಲಿ. ಅಂತರ್ಜಲ, ವೃಕ್ಷಾಯುರ್ವೇದ, ಅಡಿಗೆಗಳ ಜೊತೆಗೆ ಪಶುವೈದ್ಯವನ್ನೂ ಹೇಳುವ ಈ ಗ್ರಂಥದ ಇಂಗ್ಲಿಷ್ ಅನುವಾದವನ್ನು ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ 2006ರಲ್ಲಿ ಹೊರತಂದಿತು. ಸನತ್‌ನಗರದ ಕನ್ನಡಿಗರಿಗೆ ಇದು ನೆರೆಮನೆಯ ಕೆಲಸ. ಆದರೂ ಅದನ್ನು ಕೈಗೆತ್ತಿಕೊಂಡವರು ಕೃಷಿಚರಿತ್ರೆಯ ವಿದ್ವಾಂಸರೇ ಹೊರತು ಸಾಹಿತ್ಯದವರಲ್ಲ.

ಬೀದರ, ಕಲಬುರ್ಗಿ, ರಾಯಚೂರುಗಳಿಗೆ 1956ರವರೆಗೆ ಹೈದರಾಬಾದೇ ರಾಜಧಾನಿ. ಕೀರ್ತಿವರ್ಮನ ಮನೆತನದ ಕಲ್ಯಾಣವೂ ಆ ಬೀದರ ಜಿಲ್ಲೆಯೊಳಗಿನದು. ಆ ಸೀಮೆಯಿಂದ ಬಂದು ಇಲ್ಲಿ ನೆಲೆಸಿದ ಹಿರಿಯರ ಬಾಯಲ್ಲಿ ಗೊಟ್ಟ, ಗೋದಲಿ, ಕಣ್ಣಿ, ಚಪ್ಪೆಬೇನೆ ಮುಂತಾದ ಮಾತುಗಳು ಉಳಿದಿರುವಷ್ಟು ದಿನ ಹಳೆಯ ಪಶುವೈದ್ಯ ಗ್ರಂಥಗಳಿಗೆ ಅರ್ಥ ಬರೆಯುವುದು ಸಾಧ್ಯ. ಮೊಮ್ಮಕ್ಕಳಿಗೆ ಹಾಲು ಪೊಟ್ಟಣದಲ್ಲಿ ಬರುತ್ತದೆ. ಗೋವೈದ್ಯದ ಮುಂದಿನ ಸಂಪಾದಕನು ಓಲೆಗರಿಗಳನ್ನು ಹುಡುಕುವುದಕ್ಕೆ ಮೊದಲು ಈ ಮುದುಕರ ಮನೆಗಳಿಗೆ ಹೋಗಬೇಕು.