ತಡೆಯುವ ಹಲಗೆಯೇ ಅಳೆಯುತ್ತದೆ
ನಾರಾಯಣಪುರ ಎಡದಂಡೆ ಕಾಲುವೆಯ ಹೊಸ ಗೇಟುಗಳು ನೋಡಲು ಅಂಥ ಚೆಲುವಿನವೇನಲ್ಲ: ಅಲ್ಯೂಮಿನಿಯಂ ಚೌಕಟ್ಟು, ಪಕ್ಕಕ್ಕೊಂದು ಕಂಬ, ಅದರ ಮೇಲೆ ಸೌರಫಲಕ, ಆಂಟೆನಾ. ಜಾಣತನವೆಲ್ಲ ಒಳಗೆ. ಹಳೆಯ ಗೇಟು ಮೇಲೆದ್ದು ಅಡಿಯಿಂದ ನೀರು ಬಿಡುತ್ತಿತ್ತು. ಇದು ತಲೆ ಬಾಗಿಸಿ ನೆತ್ತಿಯ ಮೇಲಿಂದ ಹರಿಸುತ್ತದೆ. ಹಿಂದೆ ಮುಂದೆ ನೀರಿನ ಮಟ್ಟ ಎಷ್ಟಿದೆ, ತಾನೆಷ್ಟು ಬಾಗಿದ್ದೇನೆ ಎಂಬುದನ್ನು ಸೆನ್ಸರ್‌ಗಳಿಂದ ತಿಳಿದು, ಹರಿವಿನ ಲೆಕ್ಕ ಹಾಕಿ, ನಿಯಂತ್ರಣ ಕೊಠಡಿಗೆ ಮುಟ್ಟಿಸುತ್ತದೆ. ತಡೆಯುವುದೂ ಅಳೆಯುವುದೂ ಒಂದೇ ಹಲಗೆ! ನನಗೆ ಹಿಡಿಸಿದ್ದು ಇದೇ. ಈ ಬಗೆಯ ಗೇಟು ರೂಪುಗೊಂಡದ್ದು ಬರಕ್ಕೆ ಹೆಸರಾದ ಆಸ್ಟ್ರೇಲಿಯಾದಲ್ಲಿ.

ಸುಮಾರು 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ಈ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. ಕಾಲುವೆಯ ಮೇಲ್ಭಾಗದವರು ಹೆಚ್ಚು ನೀರು ಬೇಡುವ ಭತ್ತ ಹಚ್ಚಿದರೆ ಕೊನೆಯಂಚಿನವರ ಹೊಲಕ್ಕೆ ನೀರು ತಲುಪದು. ಎಲ್ಲಿಗೆ ಎಷ್ಟು ನೀರು ಹೋಯಿತೆಂದು ಕೇಳಿದರೆ ಮೊದಲೆಲ್ಲ ಅಂದಾಜೇ ಉತ್ತರ. ಈಗ ತೋರಿಸಲು ಅಂಕಿಯಾದರೂ ಇರುತ್ತದೆ. ಆದರೆ ಹೂಳು ತೆಗೆಯುವುದು, ಒಡೆದ ಹೊಲಗಾಲುವೆ ಕಟ್ಟುವುದು ಇಂದಿಗೂ ಮನುಷ್ಯರದೇ ಕೆಲಸ. ಭತ್ತದ ಆಸೆ ಬಿಡಿಸುವುದು ಯಾರ ಕೆಲಸವೋ!