ಆರೋಗ್ಯಕ್ಕೆ ಬೆಲೆ ಕಟ್ಟುವವರು ಯಾರು?

‘ಆರೋಗ್ಯವೇ ಭಾಗ್ಯ’ ಎಂಬುದನ್ನು ಶಾಲೆಯ ಗೋಡೆಯ ಮೇಲೆ ಓದಿ ಬೆಳೆದವರು ನಾವು. ಮಾತೇನೋ ನಿಜ. ಆದರೆ ಆ ಭಾಗ್ಯಕ್ಕೆ ಎಂಟು ವರ್ಷದ ಹುಡುಗ ಕಟ್ಟುವ ಬೆಲೆ ಬೇರೆ, ನಲವತ್ತರ ಗೃಹಸ್ಥ ಕಟ್ಟುವ ಬೆಲೆ ಬೇರೆ, ಎಂಬತ್ತರ ಅಜ್ಜಿ ಕಟ್ಟುವ ಬೆಲೆ ಬೇರೆ. ಈ ಭೇದವನ್ನು ನಮ್ಮ ಸಾಹಿತ್ಯ ಎಷ್ಟರಮಟ್ಟಿಗೆ ಕಂಡಿದೆ ಎಂಬುದು ನನ್ನ ಪ್ರಶ್ನೆ. ಉತ್ತರಕ್ಕಾಗಿ ಬಹುದೂರ ಅಲೆಯಬೇಕಾಗಿಲ್ಲ. ದಕ್ಷಿಣ ಕನ್ನಡದಲ್ಲಿ ಒಂದಕ್ಕೊಂದು ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯಲ್ಲಿರುವ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಗಳು ಮನುಷ್ಯನ ಮೂರು ವಯಸ್ಸುಗಳಿಗೂ ಒಂದೊಂದು ವಾಣಿಯನ್ನು ಕೊಟ್ಟಿವೆ.

ಮೊದಲು ಲೆಕ್ಕದ ಮಾತು. ಈಗಿನ ಅರ್ಥಶಾಸ್ತ್ರಜ್ಞರು ಆರೋಗ್ಯವನ್ನೂ ಅಂಕಿಗಳಲ್ಲಿ ಅಳೆಯುತ್ತಾರೆ. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1, ಮರಣಕ್ಕೆ 0; ನಡುವಿನ ನೋವು ನರಳಿಕೆಗಳಿಗೆಲ್ಲ ನಡುವಿನ ದಶಾಂಶಗಳು. ಈ ದಶಾಂಶಗಳನ್ನು ನಿರ್ಧರಿಸುವವರು ಸಾಮಾನ್ಯವಾಗಿ ರೋಗಿಗಳಲ್ಲ. ಸಾರ್ವಜನಿಕರಿಂದ ಆರಿಸಿದ ಜನ. “ಹೀಗೆ ಹತ್ತು ವರ್ಷ ನರಳಿ ಬದುಕುವ ಬದಲು, ಪೂರ್ಣ ಆರೋಗ್ಯದ ಎಷ್ಟು ವರ್ಷ ಸಿಕ್ಕರೆ ಸಾಕು?” ಎಂದು ಅವರನ್ನು ಕೇಳುತ್ತಾರೆ. ಕಾಯಿಲೆಯಿಲ್ಲದವರು ಊಹಿಸಿ ಹೇಳುವ ಬೆಲೆ, ಕಾಯಿಲೆಯೊಡನೆ ಬಾಳುತ್ತಿರುವವರು ಹೇಳುವ ಬೆಲೆಗಿಂತ ಅನೇಕ ಬಾರಿ ಕಡಿಮೆಯೇ ಆಗಿರುತ್ತದೆ. 1990ರ ದಶಕದಲ್ಲಿ ಜಗತ್ತಿನ ರೋಗಭಾರವನ್ನು ಎಣಿಸಿದ ಪಂಡಿತರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಪ್ಪತ್ತೈದರ ಆಸುಪಾಸಿನ ವರ್ಷಕ್ಕೆ ಹೆಚ್ಚಿನ ತೂಕ, ಎಳೆತನದ ಮತ್ತು ಮುಪ್ಪಿನ ವರ್ಷಗಳಿಗೆ ಕಡಿಮೆ ತೂಕ ಎಂದು ವಿಧಿಸಿದರು. ಆಕ್ಷೇಪಗಳು ಬಂದವು, 2010ರ ಗಣನೆಯಲ್ಲಿ ಆ ಪದ್ಧತಿಯನ್ನು ಕೈಬಿಟ್ಟರು. ತಕ್ಕಡಿ ಹಿಡಿದ ಕೈ ನಡುವಯಸ್ಸಿನದು ಎಂಬುದನ್ನು ಮರೆತರೆ ಇಂಥ ಪ್ರಮಾದ ತಪ್ಪದು. ನಮ್ಮ ಕವಿಗಳ ಕೈಯಲ್ಲಿರುವ ತಕ್ಕಡಿಯನ್ನೂ ಹೀಗೆಯೇ ಪರೀಕ್ಷಿಸಿ ನೋಡೋಣ.

ಬಂಟ್ವಾಳದ ಮಗ ಪಂಜೆ ಮಂಗೇಶರಾಯರು (1874–1937). ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಅವರು ಮಕ್ಕಳಿಗಾಗಿ ಬರೆದದ್ದನ್ನು ಕನ್ನಡದ ಮೂರು ನಾಲ್ಕು ತಲೆಮಾರುಗಳು ಬಾಯಿಪಾಠ ಮಾಡಿವೆ. ನಾಗರಹಾವಿನ ಹಾಡಾಗಲಿ, ತೆಂಕಣ ಗಾಳಿಯ ಆಟವಾಗಲಿ, ಅಲ್ಲಿ ಆರೋಗ್ಯದ ಪ್ರಸ್ತಾಪವಿಲ್ಲ. ಆದರೆ ಆರೋಗ್ಯವೇ ಕುಣಿಯುತ್ತದೆ. ಎಳೆಯ ದೇಹಕ್ಕೆ ಸ್ವಾಸ್ಥ್ಯವೆಂದರೆ ಲಯ, ಓಟ, ಕೂಗು. ಇರುವಾಗ ಅದು ತನಗಿದೆ ಎಂದು ಮಗುವಿಗೆ ತಿಳಿಯದು. ತುಳುನಾಡಿನಲ್ಲಿ ಆಟಿಯ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯ ಕಷಾಯ ಕುಡಿಸುವುದನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಬೆಳಕು ಹರಿಯುವ ಮುನ್ನ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತಂದ ತೊಗಟೆಯ ರಸ. ಜತೆಗೆ ಬೆಳ್ಳುಳ್ಳಿ, ಕರಿಮೆಣಸು. ಹಿರಿಯರು ಕಣ್ಣುಮುಚ್ಚಿ ಕುಡಿಯುತ್ತಾರೆ. ಹುಡುಗನ ಮೂಗು ಹಿಡಿಯಬೇಕಾಗುತ್ತದೆ. ಅವನ ತಕ್ಕಡಿಯಲ್ಲಿ ವರ್ಷವಿಡೀ ಕಾಯುವ ಆರೋಗ್ಯಕ್ಕಿಂತ ಈ ಕ್ಷಣದ ಕಹಿಯೇ ಭಾರ. ಪಂಜೆಯವರ ಹಿರಿಮೆ ಇರುವುದು ಅವರು ಮಗುವಿನ ತಕ್ಕಡಿಯನ್ನು ಗೌರವಿಸಿದುದರಲ್ಲಿ. ಅವರ ನಂತರ ಪಠ್ಯಪುಸ್ತಕಗಳಲ್ಲಿ ಹೇರಳವಾಗಿ ಬಂದ ‘ಹಲ್ಲುಜ್ಜು, ಉಗುರು ಕತ್ತರಿಸು’ ಎಂಬ ಪದ್ಯಗಳು ದೊಡ್ಡವರ ಚಿಂತೆಯನ್ನು ಪ್ರಾಸಕ್ಕೆ ಕಟ್ಟಿ ಮಕ್ಕಳ ಬಾಯಿಗೆ ಹಾಕಿದವು. ಅದು ಮೂಗು ಹಿಡಿದು ಕುಡಿಸಿದ ಕವಿತೆ.

ಎರಡನೆಯ ವಯಸ್ಸಿಗೆ ಮೂಡುಬಿದಿರೆಗೆ ಹೋಗಬೇಕು. ಹದಿನಾರನೆಯ ಶತಮಾನದ ರತ್ನಾಕರವರ್ಣಿಯ ‘ಭರತೇಶ ವೈಭವ’ ತುಂಬುಯೌವನದ ಮಹಾಕಾವ್ಯ. ಭೋಗವಿಜಯದಲ್ಲಿ ಚಕ್ರವರ್ತಿಯ ಸಭೆ, ಊಟ, ಸಂಗೀತ, ನಾಟ್ಯ, ಅಂತಃಪುರ ಇವುಗಳನ್ನು ಕವಿ ಎಷ್ಟು ಸಾವಧಾನದಿಂದ ವರ್ಣಿಸುತ್ತಾನೆಂದರೆ, ಆರೋಗ್ಯವಂತ ಶರೀರಕ್ಕೆ ಕನ್ನಡದಲ್ಲಿ ಇಂಥ ಇನ್ನೊಂದು ಮಂಗಳಾರತಿ ಇರಲಾರದು. ಭೋಗದ ನಡುವೆಯೇ ದೇಹ ಬೇರೆ, ತಾನು ಬೇರೆ ಎಂದು ಅರಿತ ಯೋಗಿ ಅವನ ಭರತ. ಇದು ದೊಡ್ಡ ದರ್ಶನವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದು ಮಾತು ಹೇಳಬೇಕಾಗಿದೆ. ಜೈನ ಪರಂಪರೆಯ ಕಥೆಯಂತೆ ಭರತನಿಗೆ ದೀಕ್ಷೆ ಕೈಕೊಂಡ ಅಂತರ್ಮುಹೂರ್ತದೊಳಗೆ, ಎಂದರೆ ಒಂದು ಗಳಿಗೆಯ ಲೆಕ್ಕದಲ್ಲಿ, ಕೇವಲಜ್ಞಾನ ದೊರಕುತ್ತದೆ. ವೈಭವದಿಂದ ಮುಕ್ತಿಗೆ ನೇರ ದಾರಿ. ನಡುವೆ ಹಾಸಿಗೆ ಹಿಡಿದ ದಿನಗಳಿಲ್ಲ. ಹಿಡಿತ ತಪ್ಪದ ಮೈಯನ್ನು ‘ನಾನಲ್ಲ’ ಎಂದು ಹೇಳುವುದಕ್ಕೂ, ಹಿಡಿತ ತಪ್ಪಿದ ಮೈಯನ್ನು ಹಾಗೆ ಹೇಳುವುದಕ್ಕೂ ಅಂತರವಿದೆ. ಕಾವ್ಯ ಮೊದಲನೆಯದನ್ನು ಮಾತ್ರ ಪರೀಕ್ಷೆಗೆ ಒಡ್ಡುತ್ತದೆ.

ಎಲ್ಲರ ಯೌವನವೂ ಭರತನದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಇದೇ ಜಿಲ್ಲೆಯ ಇನ್ನೊಂದು ಯೌವನವನ್ನು ತೋರಿಸುತ್ತದೆ. ತಂದೆಯ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಚನಿಯ ಜ್ವರ ಹೊತ್ತು ಮರಳಿ ಸಾಯುತ್ತಾನೆ. ಅಲ್ಲಿ ಆರೋಗ್ಯವೆಂಬುದು ಭೋಗದ ಸಾಧನವಲ್ಲ, ಅಡವಿಟ್ಟ ಆಸ್ತಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಏರುವವನ ಮೊಣಕಾಲಿಗೂ, ಬೀಡಿ ಕಟ್ಟುವ ಹೆಂಗಸಿನ ಬೆರಳಿಗೂ ಇರುವ ಬೆಲೆ ಆ ದಿನದ ಕೂಲಿಯಷ್ಟೆ. ನಡುವಯಸ್ಸು ಆರೋಗ್ಯವನ್ನು ಕೆಲಸದಲ್ಲಿ ಅಳೆಯುತ್ತದೆ. ಕೆಲಸ ನಿಂತ ಮೇಲೆ ಅಳೆಯುವುದು ಯಾವುದರಿಂದ ಎಂಬುದಕ್ಕೆ ಅದರ ಬಳಿ ಉತ್ತರವಿಲ್ಲ.

ಆ ಉತ್ತರವನ್ನು ಮುಪ್ಪೇ ಕೊಡಬೇಕು. ನಮ್ಮ ಬರಹದ ಸಾಹಿತ್ಯದಲ್ಲಿ ಮುದುಕರಿಗೇನೂ ಕೊರತೆಯಿಲ್ಲ; ಆದರೆ ಅವರು ಕರುಣೆಯ ಪಾತ್ರರು, ಇಲ್ಲವೆ ಜ್ಞಾನದ ಭಂಡಾರಗಳು. ಕಾರಂತರದೇ ‘ಮೂಕಜ್ಜಿಯ ಕನಸುಗಳು’ (1968) ಎರಡನೆಯ ಬಗೆಗೆ ಶ್ರೇಷ್ಠ ನಿದರ್ಶನ. ಎಳೆತನದಲ್ಲೇ ವಿಧವೆಯಾಗಿ ಎಂಬತ್ತರ ಅಂಚಿಗೆ ಬಂದ ಆ ಅಜ್ಜಿಯಷ್ಟು ನಿರ್ಭೀತವಾಗಿ ಮಾತಾಡಿದ ಪಾತ್ರ ವಿರಳ. ಆದರೆ ದೇವರು, ಕಾಮ, ಇತಿಹಾಸಗಳ ಬಗ್ಗೆ ಅಷ್ಟೆಲ್ಲ ಹೇಳುವ ಅವಳಿಂದ ಮೊಮ್ಮಗ ಸುಬ್ಬರಾಯ ಮೊಣಕಾಲಿನ ನೋವಿನ ಬಗ್ಗೆ, ನಿದ್ದೆ ಬಾರದ ರಾತ್ರಿಯ ಬಗ್ಗೆ ಎಷ್ಟು ಕೇಳಿ ತಿಳಿದಾನು? ನಡುವಯಸ್ಸಿನ ಓದುಗರಾದ ನಾವು ಅವಳಿಂದ ಪಡೆಯುವುದು ಬಹಳ. ಅವಳಿಗೆ ಏನು ಬೇಕಾಗಿತ್ತು ಎಂದು ಕೇಳುವುದು ಸ್ವಲ್ಪ.

ಅದನ್ನು ಕೇಳಿದ ಕಾವ್ಯ ಬೆಳ್ತಂಗಡಿಯ ಸೀಮೆಯಲ್ಲಿದೆ. ಅದನ್ನು ಹಾಡಿದವರು ಉಜಿರೆಯ ಬಳಿಯ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಅವರೊಡನೆ 1990ರಲ್ಲಿ ಅವರ ಬಾಯಿಂದ ತುಳುವಿನ ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಪ್ರಕಟವಾದಾಗ ಅದು 15,683 ಸಾಲುಗಳ ಮಹಾಕಾವ್ಯವಾಗಿತ್ತು. ಸಿರಿಯ ಕಥೆಯೆಂದು ಹೆಸರಾದ ಇದು ಆರಂಭವಾಗುವುದು ಸಿರಿಯಿಂದಲ್ಲ, ಒಬ್ಬ ಮುದುಕನಿಂದ. ಸತ್ಯನಾಪುರದ ಅರಮನೆಯಲ್ಲಿ ಬೆರ್ಮಾಳ್ವ ಒಂಟಿ. ಸಂಪತ್ತಿದೆ, ಮುಂದೆ ಬಾಳುವ ಸಂತತಿಯಿಲ್ಲ. ಅವನು ಅಳುವುದು ಮಂಡಿನೋವಿಗಲ್ಲ, ಹೋದ ಯೌವನಕ್ಕಲ್ಲ. ತನ್ನ ಬಳಿಕ ಈ ಮನೆಯಲ್ಲಿ ದೀಪ ಹಚ್ಚುವವರು ಯಾರೆಂಬುದಕ್ಕೆ. ಪಾಳುಬಿದ್ದ ಬೆರ್ಮರ ಗುಡಿಯನ್ನು ಅವನು ಜೀರ್ಣೋದ್ಧಾರ ಮಾಡಿಸುತ್ತಾನೆ. ಅಲ್ಲಿಯ ಪ್ರಸಾದದಿಂದ ಸಿರಿ ಹುಟ್ಟುತ್ತಾಳೆ. ಇಡೀ ಕಾವ್ಯಕ್ಕೆ ಬೇರು ಒಬ್ಬ ವೃದ್ಧನ ಬೇಡಿಕೆ. ಅವನು ಆಯುಸ್ಸನ್ನು ಕೇಳಲಿಲ್ಲ, ಸಂಬಂಧವನ್ನು ಕೇಳಿದ ಎಂಬುದು ನನಗೆ ಇಲ್ಲಿ ಬಹಳ ಮುಖ್ಯವಾಗಿ ತೋರುತ್ತದೆ. ಇಪ್ಪತ್ತೈದರ ತಕ್ಕಡಿಯಲ್ಲಿ ಇದಕ್ಕೆ ತೂಕದ ಕಲ್ಲೇ ಇಲ್ಲ.

ಇದು ಪುರಾಣದ ಮಾತು ಮಾತ್ರ ಎನ್ನದಿರಿ. ನನಗೆ ಪರಿಚಯದ ಹಿರಿಯರೊಬ್ಬರು ಅದೇ ಸೀಮೆಯವರು. ತೋಟ ನೋಡಿಕೊಂಡು ಒಬ್ಬರೇ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲಿ, ಮಸ್ಕತ್ತಿನಲ್ಲಿ. ಮಂಡಿಯ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಮಗ ಫೋನಿನಲ್ಲಿ ಕೇಳಿದ್ದು ಒಂದೇ: “ಅಪ್ಪನ ಈ ಪ್ರಾಯದಲ್ಲಿ ಅಷ್ಟೆಲ್ಲ ಮಾಡಿಸುವುದರಲ್ಲಿ ಪ್ರಯೋಜನ ಉಂಟಾ ಡಾಕ್ಟ್ರೆ?” ತಂದೆ ವೈದ್ಯರಲ್ಲಿ ಕೇಳಿದ್ದೂ ಒಂದೇ: “ತೋಟದ ಕೆರೆಯವರೆಗೆ ಇಳಿದು ಹತ್ತಲಿಕ್ಕೆ ಆಗ್ತದಾ?” ಮಗ ವರ್ಷಗಳನ್ನು ಎಣಿಸುತ್ತಿದ್ದ, ತಂದೆ ಮೆಟ್ಟಿಲುಗಳನ್ನು ಎಣಿಸುತ್ತಿದ್ದರು. ಮಗ ಕೆಟ್ಟವನಲ್ಲ, ತನ್ನ ವಯಸ್ಸಿನ ತಕ್ಕಡಿಯನ್ನು ಹಿಡಿದಿದ್ದ, ಅಷ್ಟೆ.

ಇಂದು ಈ ವಿಷಯ ಸಾಹಿತ್ಯಚರ್ಚೆಗೆ ಸೀಮಿತವಾಗಿ ಉಳಿದಿಲ್ಲ. ಸಲ್ಲೇಖನವು ಆತ್ಮಹತ್ಯೆಯೆಂದು 2015ರಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಹೇಳಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಸಾವಿರ ಕಂಬದ ಬಸದಿಯ ಮೂಡುಬಿದಿರೆಗೆ ಇದು ದೂರದ ಸುದ್ದಿಯಾಗಿರಲಾರದು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ, ಗುಣವಾಗದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಮನ್ನಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಒಳ್ಳೆಯದೇ. ಆದರೆ ಆ ಕಾಗದವನ್ನು ಬರೆಯಬೇಕಾದವರು ಬಾಳುತ್ತಿರುವವರೇ ಹೊರತು ಪಕ್ಕದಲ್ಲಿ ನಿಂತು ಅವರ ಬಾಳನ್ನು ತೂಗುವವರಲ್ಲ. ಬೇಡವೆನ್ನುವ ಹಕ್ಕಿನಷ್ಟೇ ಬೇಕೆನ್ನುವ ಹಕ್ಕೂ ಅವರದು.

ವಿಮರ್ಶೆಗೆ ಇಲ್ಲಿ ಒಂದು ಕೆಲಸವಿದೆ. ಕೃತಿಯೊಂದರಲ್ಲಿ ಮಗುವೋ ಮುದುಕನೋ ಬಂದಾಗ, ಆ ಪಾತ್ರ ಎಷ್ಟು ಮನಕರಗಿಸುತ್ತದೆ ಎಂದು ಕೇಳುವುದು ಸಾಲದು. ತನಗೆ ಬೇಕಾದುದನ್ನು ತಾನೇ ಹೇಳಲು ಅದಕ್ಕೆ ಎಡೆ ದೊರೆತಿದೆಯೆ ಎಂದು ಕೇಳಬೇಕು. ಪಂಜೆಯವರು ಮಗುವಿಗೆ ಆ ಎಡೆಯನ್ನು ಕೊಟ್ಟರು. ಗದ್ದೆಯ ಬದಿಯಲ್ಲಿ ಬೆಳೆದ ಪಾಡ್ದನ ಮುದುಕನಿಗೆ ಕೊಟ್ಟಿತು. ಅಚ್ಚಿನ ಮನೆಯಲ್ಲಿ ಬೆಳೆದ ನಮ್ಮ ಸಾಹಿತ್ಯ ಇನ್ನೂ ನಡುವಯಸ್ಸಿನ ಕಿಟಕಿಯಿಂದಲೇ ನೋಡುತ್ತಿದೆ. ನಮ್ಮ ಮನೆಗಳ ಜಗಲಿಯಲ್ಲಿ ಕುಳಿತಿರುವವರನ್ನು ನಾವು ನೋಡುವುದೂ ಅದೇ ಕಿಟಕಿಯಿಂದ.