ವಾಡೆಯ ಬಚ್ಚಲು

ಚಚಡಿಯಲ್ಲಿ ದೇಸಾಯರ ವಾಡೆಯನ್ನು ನೋಡುತ್ತ ಬೆಳೆದವಳು ನಾನು. ವಾಡೆಯೆಂದರೆ ನನಗೆ ಮೊದಲು ಮನೆ, ಕೋಟೆ ಆಮೇಲೆ. ಕಿತ್ತೂರಿಗೆ ಹೋದಾಗಲೆಲ್ಲ ಈ ಎಣಿಕೆ ತಲೆಕೆಳಗಾಗುತ್ತದೆ.

ಹೋದ ಸಲ ಏಳನೆಯ ಇಯತ್ತೆಯ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಅರಮನೆ ತೋರಿಸಲು ಬಂದವರು 1824ರ ಅಕ್ಟೋಬರ್ 23ರ ಕಾಳಗ, ಥ್ಯಾಕರೆ ಸತ್ತದ್ದು, ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದು, ಎಲ್ಲವನ್ನೂ ಆವೇಶದಿಂದ ಹೇಳಿದರು. ನಡುವೆ ಒಬ್ಬ ಹುಡುಗಿ, "ಅಕ್ಕೋರ, ರಾಣಿ ಎಲ್ಲಿ ಜಳಕಾ ಮಾಡತಿದ್ದಳ್ರಿ?" ಎಂದಳು. ಉಳಿದವರು ಕಿಸಕ್ಕನೆ ನಕ್ಕರು. "ಸುಮ್ಮನಿರವಾ" ಎಂದು ಗದರಿದವಳು ನಾನೇ. ಆ ತಪ್ಪು ಇನ್ನೂ ಚುಚ್ಚುತ್ತದೆ.

ಅವಳ ಪ್ರಶ್ನೆಗೆ ಉತ್ತರ ಆ ಪಾಳುಗೋಡೆಗಳ ನಡುವೆಯೇ ಇತ್ತು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಕಟ್ಟಿಸಿದ, ಪೂರ್ವಕ್ಕೆ ಮುಖ ಮಾಡಿದ ಈ ಅರಮನೆಯ ನಿಜವಾದ ಜಾಣತನವಿರುವುದು ನೀರಿನ ಏರ್ಪಾಟಿನಲ್ಲಿ. ಬಾವಿ, ತೊಟ್ಟಿ, ಅಲ್ಲಿಂದ ಕೊಳವೆ, ಬಚ್ಚಲುಮನೆ. ಧ್ರುವನಕ್ಷತ್ರ ನೋಡಲು ಗೋಡೆಯಲ್ಲಿ ಇಟ್ಟ ಕೊಳವೆಯ ಮುಂದೆ ಎಲ್ಲರೂ ಸಾಲುಗಟ್ಟುತ್ತಾರೆ. ನೀರಿನ ಕೊಳವೆಯನ್ನು ದಾಟಿ ಹೋಗುತ್ತಾರೆ. ಸೊಂಟದ ಮೇಲೆ ಕೊಡ ಹೊತ್ತವರು ಹಾಗೆ ದಾಟಲಾರರು.

ಮನೆಯ ಮಾತು ಸಣ್ಣದು, ಯುದ್ಧದ ಮಾತು ದೊಡ್ಡದು ಎಂಬ ಭೇದವನ್ನು ನಾನು ಒಪ್ಪುವುದಿಲ್ಲ. ಆ ಯುದ್ಧ ಹುಟ್ಟಿದ್ದೇ ಮನೆಯೊಳಗಿಂದ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡ, ದತ್ತಕವನ್ನು ಕಂಪನಿ ಒಪ್ಪಲಿಲ್ಲ, ಧಾರವಾಡದ ಕಲೆಕ್ಟರ ಥ್ಯಾಕರೆ ಬಂದು ಬೊಕ್ಕಸಕ್ಕೆ ಮುದ್ರೆ ಹಾಕಿಸಿದ. ಗಂಡನನ್ನೂ ಮಗನನ್ನೂ ಕಳೆದುಕೊಂಡ ಮನೆಗೆ ಹೊರಗಿನವನೊಬ್ಬ ಬಂದು ಕೀಲಿ ಜಡಿದರೆ ಆ ಮನೆಯ ಹೆಣ್ಣುಮಕ್ಕಳಿಗೆ ಹೇಗಾದೀತು? ಕುದುರೆಯ ಮೇಲೆ ಖಡ್ಗ ಹಿಡಿದ ಚೆನ್ನಮ್ಮನನ್ನು ಎಲ್ಲ ಊರ ವೃತ್ತದಲ್ಲೂ ನಿಲ್ಲಿಸಿದ್ದೇವೆ. ಯಾವ ಹೊಸ್ತಿಲಿಗಾಗಿ ಖಡ್ಗ ಹಿಡಿದಳೋ ಆ ಹೊಸ್ತಿಲನ್ನು ಮಾತ್ರ ತೋರಿಸುವುದಿಲ್ಲ.

ಅರಮನೆಯ ಪ್ರತಿರೂಪ ಕಟ್ಟಬೇಕೆಂಬ ಮಾತು ಕೆಲವು ವರ್ಷಗಳಿಂದ ಕೇಳಿಬಂದಿದೆ. ದರಬಾರು, ಸಾಗವಾನಿ ಕಂಬ, ಸಿಂಹಾಸನ ಎಲ್ಲ ಬಂದಾವು. ಅಡಿಗೆಮನೆ, ಬಚ್ಚಲುಮನೆಗಳಿಗೂ ಅಷ್ಟೇ ಮುತುವರ್ಜಿ ಸಿಕ್ಕೀತೇ? ನನಗೆ ಅನುಮಾನವಿದೆ. ಹೊಸದನ್ನು ಕಟ್ಟುವ ಮೊದಲು, ಇದ್ದ ಬಚ್ಚಲಿನ ಮುಂದೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತೆಂದು ತಿಳಿಸುವ ಒಂದು ದೊಡ್ಡ ಫಲಕ ಹಾಕಲಿ.

ಮರಳುವಾಗ, 1829ರ ಫೆಬ್ರುವರಿ 2ರಂದು ಚೆನ್ನಮ್ಮ ಸೆರೆಯಲ್ಲಿಯೇ ತೀರಿಕೊಂಡ ಬೈಲಹೊಂಗಲದಲ್ಲಿ ಇಳಿದು ಸಮಾಧಿಗೆ ಕೈಮುಗಿದೆವು. ಅಲ್ಲಿ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ತೊಟ್ಟಿ, ಕೊಳವೆಗಳ ಸಂಗತಿ ಹೇಳಿದೆ. ಕಣ್ಣರಳಿಸಿ ಕೇಳಿದಳು: "ನೀರು ತಾನ ಒಳಗ ಬರತಿತ್ತೇನ್ರಿ, ಅಕ್ಕೋರ?"